ಬಸಿರು ನಿಲ್ಲದವರಿಗೆ ಹೊಲಿಗೆ: ಯಾರಿಗೆ ಬೇಕು, ಯಾರಿಗೆ ಬೇಡ



ಬಿತ್ತಿದ ಪೈರು ತೆನೆ ಕಟ್ಟುವ ಮೊದಲೇ ಒಣಗಿದರೆ ನಾವು ಸುಮ್ಮನೆ ಕೂರುವುದಿಲ್ಲ. ಬೀಜ ಕೆಟ್ಟಿತ್ತೋ, ನೀರು ಸಾಲದಾಯಿತೋ, ಬೇರಿಗೆ ಹುಳು ಬಿದ್ದಿತೋ ಎಂದು ಕಿತ್ತು ನೋಡುತ್ತೇವೆ. ಕೊಟ್ಟಿಗೆಯ ಹಸು ಕಂದು ಹಾಕಿದರೆ ಅದೇ ದಿನ ಪಶುವೈದ್ಯರನ್ನು ಕರೆಸುತ್ತೇವೆ. ಆದರೆ ಮನೆಯ ಸೊಸೆಯ ಬಸಿರು ಎರಡು ಸಲ, ಮೂರು ಸಲ ನಿಲ್ಲದೆ ಹೋದಾಗ ಮಾತ್ರ ಕಾರಣ ಹುಡುಕುವವರು ಕಡಿಮೆ. ಹಣೆಬರಹ ಎನ್ನುವವರು ಕೆಲವರು, ದೃಷ್ಟಿ ತಾಗಿತು ಎನ್ನುವವರು ಕೆಲವರು. ಕೊನೆಗೆ ದೂರು ಬರುವುದು ಆ ಹೆಣ್ಣುಮಗಳ ಮೇಲೆಯೇ. ಇದು ಸರಿಯಲ್ಲ. ಬಸಿರು ಇಳಿಯುವುದಕ್ಕೆ ಕಾರಣಗಳಿವೆ. ಅವುಗಳಲ್ಲಿ ಕೆಲವಕ್ಕೆ ಚಿಕಿತ್ಸೆಯೂ ಇದೆ.

ಅಂತಹ ಚಿಕಿತ್ಸೆಗಳಲ್ಲಿ ಒಂದು, ಗರ್ಭಕೋಶದ ಬಾಯಿಗೆ ಹಾಕುವ ಹೊಲಿಗೆ. ಇದರ ವಿಷಯವಾಗಿ ಹಳ್ಳಿಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. “ಹೊಲಿಗೆ ಹಾಕಿಸಿಬಿಟ್ಟರೆ ಬಸಿರು ನಿಂತೇ ನಿಲ್ಲುತ್ತದೆ” ಎಂಬುದು ಒಂದು. “ಹೊಲಿಗೆ ಹಾಕಿಸಿದರೆ ಮುಂದೆ ಮಕ್ಕಳೇ ಆಗುವುದಿಲ್ಲ” ಎಂಬುದು ಇನ್ನೊಂದು. ಎರಡೂ ತಪ್ಪು. ಈ ಹೊಲಿಗೆ ಒಂದು ಬಗೆಯ ಗರ್ಭಪಾತಕ್ಕೆ ಮಾತ್ರ ಒದಗುವ ಚಿಕಿತ್ಸೆ. ನಿಮ್ಮ ಮನೆಯಲ್ಲಿ ಆದದ್ದು ಆ ಬಗೆಯದೇ ಅಲ್ಲವೇ ಎಂಬುದನ್ನು ತಿಳಿಯಲು ವೈದ್ಯರಿಗೆ ನೀವು ಹೇಳುವ ಹಿಂದಿನ ವಿವರವೇ ಮುಖ್ಯ ಆಧಾರ. ಆದುದರಿಂದ ಈ ವಿಷಯವನ್ನು ಗಂಡಸರೂ ಹೆಂಗಸರೂ ಕೂಡಿ ತಿಳಿದುಕೊಳ್ಳುವುದು ಒಳ್ಳೆಯದು.

ಗರ್ಭಕೋಶದ ಕೊರಳು

ಗರ್ಭಕೋಶವು ಬಾಯಿ ಕೆಳಗೆ ಮಾಡಿ ಇಟ್ಟ ಚೀಲದಂತಿದೆ. ಮಗು ಬೆಳೆಯುವುದು ಚೀಲದ ಒಳಗೆ. ಚೀಲದ ಬಾಯಿಯ ಬಳಿ ಇರುವ ಗಟ್ಟಿಯಾದ, ಕಿರಿದಾದ ಭಾಗಕ್ಕೆ ಗರ್ಭಕೋಶದ ಕೊರಳು ಎಂದು ಹೆಸರು. ಬಸಿರಿನ ನಡುವಿನ ತಿಂಗಳುಗಳಲ್ಲಿ ಈ ಕೊರಳು ಸಾಮಾನ್ಯವಾಗಿ ಮೂರೂವರೆ, ನಾಲ್ಕು ಸೆಂಟಿಮೀಟರು ಉದ್ದವಿದ್ದು ಭದ್ರವಾಗಿ ಮುಚ್ಚಿಕೊಂಡಿರುತ್ತದೆ. ಒಂಬತ್ತು ತಿಂಗಳು ತುಂಬಿ ನೋವು ಬಂದಾಗ ಅದು ಮೆತ್ತಗಾಗಿ, ಗಿಡ್ಡವಾಗಿ, ಅಗಲವಾಗಿ ತೆರೆದುಕೊಂಡು ಮಗುವಿಗೆ ದಾರಿ ಬಿಡುತ್ತದೆ.

ಕೆಲವು ಸ್ತ್ರೀಯರಲ್ಲಿ ಈ ಕೊರಳು ಕಾಲಕ್ಕೆ ಮುಂಚೆಯೇ ಸಡಿಲವಾಗುತ್ತದೆ. ನಾಲ್ಕು, ಐದು, ಆರು ತಿಂಗಳಾಗುವ ಹೊತ್ತಿಗೆ ಮಗುವಿನ ಭಾರವೂ ನೀರಿನ ಭಾರವೂ ಹೆಚ್ಚುತ್ತವೆ. ಆಗ ಹೆಚ್ಚಿನ ನೋವಿಲ್ಲದೆಯೇ ಕೊರಳು ತೆರೆದುಕೊಂಡು, ನೀರಿನ ಚೀಲ ಕೆಳಗಿಳಿದು, ಬದುಕಿದ್ದ ಮಗುವೇ ಹೊರಬೀಳುತ್ತದೆ. ಹುಟ್ಟಿನಿಂದಲೇ ಕೊರಳು ದುರ್ಬಲವಾಗಿರಬಹುದು. ಹಿಂದಿನ ಹೆರಿಗೆಯಲ್ಲಿ ಅದು ಹರಿದಿರಬಹುದು. ಕೊರಳಿನ ಒಂದು ಭಾಗವನ್ನು ತೆಗೆದ ಶಸ್ತ್ರಚಿಕಿತ್ಸೆ ಹಿಂದೆ ನಡೆದಿರಬಹುದು. ಎಷ್ಟೋ ವೇಳೆ ಕಾರಣ ತಿಳಿಯುವುದೂ ಇಲ್ಲ. ಏನೇ ಇರಲಿ, ಆಕೆ ನೀರಿನ ಕೊಡ ಎತ್ತಿದ್ದರಿಂದಲೋ, ಹೊಸಿಲು ದಾಟಿದ್ದರಿಂದಲೋ, ಗ್ರಹಣ ನೋಡಿದ್ದರಿಂದಲೋ ಕೊರಳು ಸಡಿಲವಾಗುವುದಿಲ್ಲ.

ಎಲೆಅಡಿಕೆ ಸಂಚಿಯ ಬಾಯಿಗೆ ದಾರ ಪೋಣಿಸಿ ಎಳೆದರೆ ಬಾಯಿ ಮುಚ್ಚಿಕೊಳ್ಳುವುದಷ್ಟೆ? ಹೊಲಿಗೆಯ ತತ್ತ್ವವೂ ಅದೇ. ಕೊರಳಿನ ಸುತ್ತ ಗಟ್ಟಿಯಾದ ದಾರವನ್ನು ಪೋಣಿಸಿ ಬಿಗಿದು ಕಟ್ಟುತ್ತಾರೆ. ಒಂಬತ್ತನೆಯ ತಿಂಗಳಿನಲ್ಲಿ ಆ ದಾರವನ್ನು ಕತ್ತರಿಸಿ ತೆಗೆಯುತ್ತಾರೆ.

ಈ ಹೊಲಿಗೆ ನಮ್ಮ ದೇಶದ್ದು

ಈ ಚಿಕಿತ್ಸೆಯನ್ನು ಜಗತ್ತಿಗೆ ಕೊಟ್ಟವರು ನಮ್ಮ ದೇಶದ ವೈದ್ಯರು, ಡಾಕ್ಟರ್ ವಿಠ್ಠಲ ನಾಗೇಶ ಶಿರೋಡ್ಕರ್. ಇವರು ಹುಟ್ಟಿದ್ದು 1899ರಲ್ಲಿ ಗೋವೆಯ ಶಿರೋಡಾ ಗ್ರಾಮದಲ್ಲಿ; ಬಾಲ್ಯದ ಶಾಲೆ ನಮ್ಮ ಹುಬ್ಬಳ್ಳಿಯಲ್ಲಿ; ವೈದ್ಯವಿದ್ಯೆ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ. ನಾಲ್ಕರಿಂದ ಏಳು ತಿಂಗಳೊಳಗೆ ಮತ್ತೆ ಮತ್ತೆ ಬಸಿರು ಕಳೆದುಕೊಳ್ಳುವ ಕೆಲವು ಸ್ತ್ರೀಯರಿಗೆ ವಿಶ್ರಾಂತಿಯಾಗಲಿ ಔಷಧವಾಗಲಿ ಏನೂ ಗುಣ ಕೊಡದಿರುವುದನ್ನು ಇವರು ಗಮನಿಸಿದರು. ದೋಷವಿರುವುದು ಕೊರಳಿನಲ್ಲಿ ಎಂದು ತಿಳಿದು, ತಾಯಿಯ ತೊಡೆಯಿಂದಲೇ ತೆಗೆದ ಗಟ್ಟಿಯಾದ ಪಟ್ಟಿಯನ್ನು ಕೊರಳಿನ ಸುತ್ತ ಕಟ್ಟಿ ಬಸಿರು ನಿಲ್ಲಿಸಿದರು. ಆ ವಿಧಾನವನ್ನು 1955ರಲ್ಲಿ ಪ್ರಕಟಿಸಿದರು. 1957ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದ ಡಾಕ್ಟರ್ ಇಯಾನ್ ಮೆಕ್‌ಡೊನಾಲ್ಡ್ ಎಂಬವರು ಇದಕ್ಕಿಂತ ಸರಳವಾದ, ಸಂಚಿಯ ದಾರದಂತಹ ಹೊಲಿಗೆಯನ್ನು ತೋರಿಸಿದರು. ಇಂದಿಗೂ ಪ್ರಪಂಚದ ಆಸ್ಪತ್ರೆಗಳಲ್ಲಿ ಈ ಎರಡು ಹೊಲಿಗೆಗಳು ಆ ಇಬ್ಬರ ಹೆಸರಿನಿಂದಲೇ ನಡೆಯುತ್ತಿವೆ. ಈಗ ತೊಡೆಯ ಪಟ್ಟಿ ಬೇಕಿಲ್ಲ. ಕಾರ್ಖಾನೆಯಲ್ಲಿ ತಯಾರಾದ ದಾರವನ್ನು ಬಳಸುತ್ತಾರೆ.

ಯಾವ ನಷ್ಟಕ್ಕೆ ಹೊಲಿಗೆ?

ಎರಡು ಮನೆಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲನೆಯ ಮನೆಯ ಸೊಸೆಗೆ ಮೂರು ಸಲ ಬಸಿರಾಯಿತು. ಮೂರು ಸಲವೂ ಎರಡು, ಎರಡೂವರೆ ತಿಂಗಳಾಗುವಷ್ಟರಲ್ಲಿ ಹೊಟ್ಟೆನೋವು ಬಂದು, ರಕ್ತ ಹೋಗಿ, ಬಸಿರು ಇಳಿಯಿತು. ಎರಡನೆಯ ಮನೆಯ ಸೊಸೆಗೆ ಎರಡು ಸಲ ಬಸಿರಾಯಿತು. ಒಂದು ಸಲ ಐದು ತಿಂಗಳಿಗೆ, ಇನ್ನೊಂದು ಸಲ ಐದೂವರೆ ತಿಂಗಳಿಗೆ, ಸೊಂಟ ಸ್ವಲ್ಪ ಜಗ್ಗಿದಂತಾಗಿ, ಬಿಳಿಸೆರಗು ಹೆಚ್ಚಾಗಿ, ದೊಡ್ಡ ನೋವಿಲ್ಲದೆಯೇ ಮಗು ಜಾರಿಹೋಯಿತು. ಊರಿನವರ ಬಾಯಲ್ಲಿ ಇಬ್ಬರದೂ ಒಂದೇ ಮಾತು: “ಆಕೆಗೆ ಬಸಿರು ನಿಲ್ಲುವುದಿಲ್ಲ.” ವೈದ್ಯರ ಕಣ್ಣಿಗೆ ಇವು ಎರಡು ಬೇರೆ ಬೇರೆ ಸಂಗತಿಗಳು.

ಮೊದಲನೆಯವಳಿಗೆ ಹೊಲಿಗೆಯಿಂದ ಪ್ರಯೋಜನವಿಲ್ಲ. ಮೂರು ತಿಂಗಳ ಒಳಗೆ ಬಸಿರು ಇಳಿಯುವುದಕ್ಕೆ ಕೊರಳಿನ ಸಡಿಲು ಕಾರಣವಲ್ಲ. ಆ ಹೊತ್ತಿನಲ್ಲಿ ಆಗುವ ಗರ್ಭಪಾತಗಳಲ್ಲಿ ಅರ್ಧದಷ್ಟಕ್ಕಾದರೂ, ಭ್ರೂಣ ಕೂಡುವಾಗಲೇ ಅದರ ವಂಶತಂತುಗಳಲ್ಲಿ ಆದ ಹೆಚ್ಚುಕಡಿಮೆ ಕಾರಣ. ಜೊಳ್ಳು ಬೀಜ ಮೊಳೆತು ನಿಂತುಹೋದ ಹಾಗೆ ಎಂದು ತಿಳಿಯಬಹುದು. ಮತ್ತೆ ಮತ್ತೆ ಹೀಗಾದರೆ ಥೈರಾಯಿಡ್ ಗ್ರಂಥಿಯ ತೊಂದರೆ, ಸಕ್ಕರೆ ಕಾಯಿಲೆ, ಗರ್ಭಕೋಶದ ಆಕಾರದ ದೋಷ, ರಕ್ತ ಹೆಪ್ಪುಗಟ್ಟುವ ಒಂದು ದೋಷ ಇವುಗಳಿಗಾಗಿ ಪರೀಕ್ಷೆ ಮಾಡಿಸಬೇಕು. ಅಗತ್ಯ ಕಂಡರೆ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಪರೀಕ್ಷಿಸುತ್ತಾರೆ. ರಕ್ತ ಹೆಪ್ಪುಗಟ್ಟುವ ದೋಷವಿದ್ದರೆ ಆಸ್ಪಿರಿನ್ ಮಾತ್ರೆ, ಹೆಪಾರಿನ್ ಸೂಜಿಮದ್ದು ಇವೆರಡರಿಂದ ಗುಣವುಂಟು. ಅದನ್ನು ವೈದ್ಯರೇ ಹೇಳಬೇಕು. ಪಕ್ಕದ ಮನೆಯವರ ಚೀಟಿ ನೋಡಿ ತರಬಾರದು.

ಎರಡನೆಯವಳ ವಿಷಯದಲ್ಲಿ ಕೊರಳಿನ ಸಡಿಲು ಇರಬಹುದೆಂಬ ಸಂಶಯಕ್ಕೆ ಬಲವಾದ ಕಾರಣವಿದೆ. ಹೊಲಿಗೆಯ ಮಾತು ಬರುವುದು ಇಲ್ಲಿ. ಆದರೂ ಐದು ತಿಂಗಳಿಗೆ ಆದ ಗರ್ಭಪಾತವೆಲ್ಲ ಕೊರಳಿನದೇ ಎನ್ನುವಂತಿಲ್ಲ. ಮಗು ಒಳಗೇ ತೀರಿಹೋಗಿದ್ದು ಆಮೇಲೆ ಹೊರಬಂದಿರಬಹುದು. ಜ್ವರ ಅಥವಾ ಸೋಂಕು ಇದ್ದಿರಬಹುದು. ರಕ್ತದೊತ್ತಡ ಏರಿದ್ದಿರಬಹುದು. ದನ ಕಟ್ಟುವ ಮನೆಯವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು: ಹಸು ಎಮ್ಮೆಗಳು ಕಂದು ಹಾಕುವುದಕ್ಕೆ ಕಾರಣವಾಗುವ ಬ್ರುಸೆಲ್ಲಾ ಎಂಬ ರೋಗ ಮನುಷ್ಯರಿಗೂ ತಗಲುತ್ತದೆ, ಬಸಿರಿಗೂ ಕೇಡು ಮಾಡುತ್ತದೆ. ಬಸುರಿಯಾದವಳು ಕಂದು ಹಾಕಿದ ದನದ ಮಾಸುಚೀಲವನ್ನು ಮುಟ್ಟಬಾರದು, ಹಸಿ ಹಾಲನ್ನು ಕುಡಿಯಬಾರದು.

ಬಸಿರಿನ ಲೆಕ್ಕ ಬರೆದಿಡಿ

ಬೆಂಗಳೂರಿನ ಅವೆನ್ಯೂ ರಸ್ತೆಯನ್ನು ಕಾಣದ ರೈತರು ಆ ಸೀಮೆಯಲ್ಲಿ ಕಡಿಮೆ. ಹಿಂದೆ ಇದಕ್ಕೆ ದೊಡ್ಡಪೇಟೆ ಎಂದು ಹೆಸರು. ಮದುವೆಯ ಬಟ್ಟೆ, ಬೆಳ್ಳಿ ಬಂಗಾರ, ಮಕ್ಕಳ ಪಠ್ಯಪುಸ್ತಕ, ಲೆಕ್ಕ ಬರೆಯುವ ಪುಸ್ತಕ ಎಲ್ಲಕ್ಕೂ ಜನ ಅಲ್ಲಿಗೆ ಹೋಗುತ್ತಾರೆ. ಅಲ್ಲಿಂದ ತಂದ ಲೆಕ್ಕದ ಪುಸ್ತಕದಲ್ಲಿ ಬೀಜ ಗೊಬ್ಬರದ ಖರ್ಚು, ಸಾಲದ ಕಂತು, ಹಾಲಿನ ಲೀಟರು ಬರೆಯುತ್ತೇವೆ. ಅದೇ ಪುಸ್ತಕದ ಒಂದು ಹಾಳೆಯನ್ನು ಮನೆಯ ಹೆಣ್ಣುಮಗಳ ಬಸಿರಿನ ಲೆಕ್ಕಕ್ಕೆ ಬಿಡಿ. ಪ್ರತಿಯೊಂದು ಬಸಿರಿಗೂ ಕೆಳಗಿನ ಸಂಗತಿಗಳನ್ನು ಬರೆಯತಕ್ಕದ್ದು:

1. ಕಡೆಯ ಮುಟ್ಟು ಆರಂಭವಾದ ತಾರೀಖು. ಬಸಿರಿನ ವಾರಗಳನ್ನು ವೈದ್ಯರು ಈ ದಿನದಿಂದಲೇ ಎಣಿಸುತ್ತಾರೆ.
2. ಬಸಿರು ಇಳಿದ ತಾರೀಖು. ಆಗ ಎಷ್ಟು ವಾರ ಆಗಿತ್ತು.
3. ಮೊದಲು ಆದದ್ದೇನು: ನೋವೋ, ರಕ್ತವೋ, ನೀರು ಹೋದದ್ದೋ, ಜ್ವರವೋ.
4. ಮಗುವಿಗೆ ಆಗ ಜೀವವಿತ್ತೋ ಇಲ್ಲವೋ.
5. ಆ ಬಸಿರಿನಲ್ಲಿ ಸ್ಕ್ಯಾನಿಂಗ್ ಮಾಡಿಸಿದ್ದರೆ ಅದರ ವರದಿ. ಆಸ್ಪತ್ರೆಯಲ್ಲಿ ಗರ್ಭಕೋಶ ತೊಳೆದಿದ್ದರೆ ಅದರ ಚೀಟಿ.
6. ಹಿಂದಿನ ಹೆರಿಗೆಗಳು, ಗರ್ಭಕೋಶಕ್ಕೆ ಸಂಬಂಧಪಟ್ಟ ಶಸ್ತ್ರಚಿಕಿತ್ಸೆಗಳು.

“ಮೂರು ಸಲ ಹೋಯಿತು ಸ್ವಾಮಿ” ಎಂದಷ್ಟೇ ಹೇಳಿದರೆ ವೈದ್ಯರು ಕತ್ತಲಲ್ಲಿ ಕೈಯಾಡಿಸಬೇಕಾಗುತ್ತದೆ. “ಎರಡು ಸಲ, 19 ವಾರಕ್ಕೆ ಮತ್ತು 21 ವಾರಕ್ಕೆ, ನೋವಿಲ್ಲದೆ, ಮಗುವಿಗೆ ಜೀವವಿತ್ತು” ಎಂದು ಹೇಳಿದರೆ ಅರ್ಧ ಕೆಲಸ ಆದ ಹಾಗೆ. ಗಂಡಸರಿಗೆ ಇದನ್ನು ಬರೆದಿಡುವುದರಲ್ಲಿ ನಾಚಿಕೆ ಬೇಡ. ಹಸು ಹೋರಿಗೆ ಬಂದ ದಿನವನ್ನು ಗೋಡೆಯ ಮೇಲೆ ಗುರುತು ಮಾಡುವ ನಮಗೆ ಇದು ಭಾರವಾದ ಕೆಲಸವಲ್ಲ.

ವೈದ್ಯರು ನಿರ್ಧರಿಸುವ ಬಗೆ

ಹೊಲಿಗೆಯ ತೀರ್ಮಾನಕ್ಕೆ ಮೂರು ದಾರಿಗಳಿವೆ.

ಮೊದಲನೆಯದು, ಹಿಂದಿನ ಚರಿತ್ರೆಯ ಮೇಲೆ. ನಡುವಿನ ತಿಂಗಳುಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಬಸಿರು ಹೋಗಿದ್ದರೆ ಅಥವಾ ದಿನ ತುಂಬುವ ಬಹಳ ಮೊದಲೇ ಹೆರಿಗೆಯಾಗಿದ್ದರೆ, ಮುಂದಿನ ಬಸಿರಿನಲ್ಲಿ 12ರಿಂದ 14 ವಾರಗಳ ಸುಮಾರಿಗೇ ಹೊಲಿಗೆ ಹಾಕುವುದುಂಟು. ಅದಕ್ಕೂ ಕಡಿಮೆ ಸಲ ಆಗಿದ್ದರೂ, ನೋವಿಲ್ಲದೆ ಕೊರಳು ತೆರೆದುಕೊಂಡಿತ್ತೆಂಬುದು ಸ್ಪಷ್ಟವಾಗಿದ್ದರೆ ಕೆಲವು ವೈದ್ಯರು ಇದನ್ನೇ ಸೂಚಿಸುತ್ತಾರೆ. ಮೊದಲು ಸ್ಕ್ಯಾನಿಂಗ್ ಮಾಡಿ, ಮಗು ಚೆನ್ನಾಗಿದೆಯೆಂದು ತಿಳಿದ ಮೇಲೆಯೇ ಹೊಲಿಗೆ.

ಎರಡನೆಯದು, ಅಳತೆಯ ಮೇಲೆ. ಒಂದು ಅಥವಾ ಎರಡು ಸಲ ಹಾಗೆ ಆಗಿದ್ದರೆ ಆತುರಪಡದೆ ಕೊರಳನ್ನು ಕಾಯುತ್ತಾ ಹೋಗಬಹುದು. ಸುಮಾರು 16ರಿಂದ 24 ವಾರಗಳವರೆಗೆ, ವಾರಕ್ಕೆ ಅಥವಾ ಎರಡು ವಾರಕ್ಕೆ ಒಮ್ಮೆ ಸ್ಕ್ಯಾನಿಂಗ್‌ನಿಂದ ಕೊರಳಿನ ಉದ್ದವನ್ನು ಅಳೆಯುತ್ತಾರೆ. ಅದು 25 ಮಿಲಿಮೀಟರಿಗಿಂತ, ಎಂದರೆ ಸುಮಾರು ಒಂದು ಅಂಗುಲಕ್ಕಿಂತ, ಗಿಡ್ಡವಾದರೆ ಹೊಲಿಗೆಯ ಮಾತೆತ್ತುತ್ತಾರೆ. ಉದ್ದ ಸರಿಯಾಗಿಯೇ ಉಳಿದರೆ ಹೊಲಿಗೆಯೇ ಬೇಡ. ಹೀಗೆ ಕಾದು ನೋಡಿದ ಎಷ್ಟೋ ಮಂದಿ ಹೊಲಿಗೆಯಿಲ್ಲದೆಯೇ ದಿನ ತುಂಬಿಸಿಕೊಳ್ಳುತ್ತಾರೆ. ಈ ಅಳತೆಗೆ ಹೊಟ್ಟೆಯ ಮೇಲಿನ ಸ್ಕ್ಯಾನಿಂಗ್ ಸಾಲದು. ಒಳಗಿನಿಂದ ಮಾಡುವುದೇ ಸರಿಯಾದದ್ದು. ಅದರಿಂದ ಮಗುವಿಗೆ ಏನೂ ತೊಂದರೆಯಿಲ್ಲ. ಕೊರಳು ಗಿಡ್ಡವಾಗಿರುವ ಕೆಲವರಿಗೆ ವೈದ್ಯರು ಪ್ರೊಜೆಸ್ಟರಾನ್ ಎಂಬ ಔಷಧವನ್ನು ಒಳಗೆ ಇಟ್ಟುಕೊಳ್ಳಲು ಹೇಳುವುದೂ ಉಂಟು. ಅದು ಸಾಕೇ, ಹೊಲಿಗೆ ಬೇಕೇ ಎಂದು ಕೇಳಿ ತಿಳಿಯಿರಿ. ಸ್ಕ್ಯಾನಿಂಗ್‌ಗೆ ಹೋದಾಗ ಕೊರಳಿನ ಉದ್ದ ಕೇಳಬೇಕೇ ಹೊರತು ಹೆಣ್ಣೋ ಗಂಡೋ ಎಂದು ಕೇಳಬಾರದು. 1994ರ ಕಾನೂನಿನ ಪ್ರಕಾರ ಅದು ಅಪರಾಧ.

ಮೂರನೆಯದು, ತುರ್ತಿನ ಹೊಲಿಗೆ. ಕೊರಳು ಆಗಲೇ ತೆರೆದು ನೀರಿನ ಚೀಲ ಕಾಣುತ್ತಿರುವಾಗ, ನೋವೂ ಸೋಂಕೂ ಇಲ್ಲದಿದ್ದರೆ ಇದನ್ನು ಪ್ರಯತ್ನಿಸುತ್ತಾರೆ. ಕೆಲವೊಮ್ಮೆ ಇದರಿಂದ ಮಗು ಉಳಿಯುತ್ತದೆ. ಆದರೆ ನೀರಿನ ಚೀಲ ಒಡೆಯುವ ಭಯವೂ ಸೋಂಕಿನ ಭಯವೂ ಇದರಲ್ಲಿ ಹೆಚ್ಚು. ಕೆರೆ ಕಟ್ಟೆ ಒಡೆದ ಮೇಲೆ ಮಣ್ಣು ಹಾಕುವುದಕ್ಕಿಂತ ಮಳೆಗಾಲಕ್ಕೆ ಮುಂಚೆ ಹಾಕುವುದು ಮೇಲು ಎಂಬುದನ್ನು ನಾವು ಬಲ್ಲೆವು. ಆದುದರಿಂದ ಬಸಿರು ತಿಳಿದ ಕೂಡಲೇ, ಮೂರು ತಿಂಗಳು ತುಂಬುವುದಕ್ಕೆ ಮುಂಚೆಯೇ, ಹಿಂದಿನ ಲೆಕ್ಕದೊಂದಿಗೆ ವೈದ್ಯರನ್ನು ಕಾಣತಕ್ಕದ್ದು.

ರಕ್ತ ಹೋಗುತ್ತಿದ್ದರೆ, ಹೆರಿಗೆ ನೋವು ಬಂದಿದ್ದರೆ, ನೀರು ಒಡೆದಿದ್ದರೆ, ಸೋಂಕು ಇದ್ದರೆ ಹೊಲಿಗೆ ಹಾಕುವುದಿಲ್ಲ. ಅವಳಿ ಮಕ್ಕಳಿದ್ದರೆ ವಾಡಿಕೆಯಂತೆ ಹಾಕುವುದಿಲ್ಲ; ಅದರಿಂದ ಗುಣಕ್ಕಿಂತ ಕೇಡೇ ಆಗಬಹುದು.

ಗುಣವೆಷ್ಟು, ಅಪಾಯವೆಷ್ಟು?

ಯಾವ ಔಷಧಕ್ಕೂ ಎರಡು ಕಡೆಯ ತೂಕ ನೋಡಬೇಕು. ಹಲವು ದೇಶಗಳ 1292 ಮಂದಿ ಬಸುರಿಯರ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಹೊಲಿಗೆ ಬೇಕೋ ಬೇಡವೋ ಎಂದು ವೈದ್ಯರಿಗೇ ಸಂದೇಹವಿದ್ದವರನ್ನು ಅದಕ್ಕೆ ಆರಿಸಲಾಗಿತ್ತು. ಹೊಲಿಗೆ ಹಾಕಿಸಿಕೊಂಡವರಲ್ಲಿ 33 ವಾರಕ್ಕೆ ಮುಂಚೆ ಹೆರಿಗೆಯಾದವರು ನೂರಕ್ಕೆ 13 ಮಂದಿ. ಹಾಕಿಸಿಕೊಳ್ಳದವರಲ್ಲಿ ನೂರಕ್ಕೆ 17 ಮಂದಿ. ಎಂದರೆ 25 ಮಂದಿಗೆ ಹೊಲಿಗೆ ಹಾಕಿದರೆ ಒಬ್ಬಳ ಅಕಾಲದ ಹೆರಿಗೆ ತಪ್ಪಿತು. ಆದರೆ ಮೂರು ಅಥವಾ ಹೆಚ್ಚು ಸಲ ಬಸಿರು ಹೋಗಿದ್ದ ಅಥವಾ ಅಕಾಲದಲ್ಲಿ ಹೆತ್ತಿದ್ದವರನ್ನು ಮಾತ್ರ ನೋಡಿದರೆ ಲೆಕ್ಕ ಬೇರೆ: ಹೊಲಿಗೆಯಿದ್ದವರಲ್ಲಿ ನೂರಕ್ಕೆ 15, ಇಲ್ಲದವರಲ್ಲಿ ನೂರಕ್ಕೆ 32. ಅವರ ಪಾಲಿಗೆ ಅಪಾಯ ಅರ್ಧಕ್ಕಿಂತ ಕೆಳಗಿಳಿಯಿತು. ಎಲ್ಲರಿಗೂ ಹೊಲಿಗೆ ಹಾಕುವುದರಲ್ಲಿ ಅರ್ಥವಿಲ್ಲ, ಬೇಕಾದವರಿಗೆ ಹಾಕದೆ ಬಿಡುವುದು ನಷ್ಟ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಅಪಾಯ. ಅದೇ ಪರೀಕ್ಷೆಯಲ್ಲಿ ಹೊಲಿಗೆ ಹಾಕಿಸಿಕೊಂಡವರಿಗೆ ಬಾಣಂತಿ ಜ್ವರ ಎರಡರಷ್ಟು ಕಂಡುಬಂದಿತು. ಹಾಕುವಾಗ ನೀರಿನ ಚೀಲ ಒಡೆಯುವ ಸಂಭವ ಅಪರೂಪಕ್ಕೆ ಉಂಟು. ಹೊಲಿಗೆ ಇರುವಾಗಲೇ ನೋವು ಬಂದು, ತೆಗೆಯದೆ ಬಿಟ್ಟರೆ ಕೊರಳು ಹರಿದುಹೋಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಹೊಲಿಗೆ ಹಾಕಿಯೂ ಬಸಿರು ನಿಲ್ಲದೆ ಹೋಗುವುದುಂಟು ಎಂಬುದನ್ನು ಮೊದಲೇ ತಿಳಿದಿರಬೇಕು.

ದುಬಾರಿ ದಾರ, ಅಗ್ಗದ ದಾರ ಎಂಬ ಚಿಂತೆ ಬೇಡ. ಹೆಣೆದ ದಾರ ಒಳ್ಳೆಯದೋ ಒಂಟಿ ಎಳೆಯ ದಾರ ಒಳ್ಳೆಯದೋ ಎಂದು ಬ್ರಿಟನ್ನಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2022ರಲ್ಲಿ ಹೊರಬಂದಿತು. ಮಗು ಉಳಿಯುವ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ.

ಹೊಲಿಗೆ ಹಾಕುವುದು, ಆಮೇಲೆ ನೋಡಿಕೊಳ್ಳುವುದು

ಸಾಮಾನ್ಯವಾಗಿ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ, ಕೆಳಗಿನಿಂದಲೇ ಹೊಲಿಗೆ ಹಾಕುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಎಲ್ಲವೂ ಸರಿಯಿದ್ದರೆ ಅದೇ ದಿನ ಅಥವಾ ಒಂದೆರಡು ದಿನದಲ್ಲಿ ಮನೆಗೆ ಕಳುಹಿಸುತ್ತಾರೆ. ಒಂದೆರಡು ದಿನ ಸ್ವಲ್ಪ ರಕ್ತದ ಕಲೆ, ಕಿಬ್ಬೊಟ್ಟೆಯಲ್ಲಿ ಸಣ್ಣ ನೋವು ಕಾಣಬಹುದು. ಈ ಬಗೆಯ ಹೊಲಿಗೆ ನಿಷ್ಫಲವಾದ ಕೆಲವರಿಗೆ ಮಾತ್ರ ಹೊಟ್ಟೆಯ ಮೂಲಕ ಮೇಲ್ಗಡೆ ಹೊಲಿಗೆ ಹಾಕುವುದುಂಟು; ಅವರಿಗೆ ಹೆರಿಗೆ ಸಿಜೇರಿಯನ್ನಿನಿಂದಲೇ ಆಗಬೇಕು. ಉಳಿದವರಿಗೆ ಹೊಲಿಗೆ ಬಿಚ್ಚಿದ ಮೇಲೆ ಸಹಜ ಹೆರಿಗೆಗೆ ಅಡ್ಡಿಯಿಲ್ಲ.

ಹೊಲಿಗೆ ಹಾಕಿಸಿಕೊಂಡವಳನ್ನು ಐದು ತಿಂಗಳು ಮಂಚಕ್ಕೆ ಕಟ್ಟಿಹಾಕಬೇಕೆಂಬ ನಂಬಿಕೆಯಿದೆ. ಹಾಗೆ ಸದಾ ಮಲಗಿರುವುದರಿಂದ ಬಸಿರು ಹೆಚ್ಚು ನಿಲ್ಲುತ್ತದೆಂದು ಪರೀಕ್ಷೆಗಳಲ್ಲಿ ಕಂಡಿಲ್ಲ. ಬದಲಾಗಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವುಂಟು. ಮನೆಯೊಳಗೆ ಓಡಾಡಲಿ, ಹಗುರವಾದ ಕೆಲಸ ಮಾಡಲಿ. ಸೌದೆಯ ಹೊರೆ, ಗೊಬ್ಬರದ ಮಂಕರಿ, ಬಾವಿಯ ನೀರು ಇವನ್ನು ಮನೆಯ ಇತರರು ವಹಿಸಿಕೊಳ್ಳಲಿ. ಗಂಡ ಹೆಂಡತಿ ಕೂಡುವ ವಿಷಯವನ್ನೂ ಸಂಕೋಚವಿಲ್ಲದೆ ವೈದ್ಯರನ್ನು ಕೇಳಿ, ಅವರು ಹೇಳಿದಂತೆ ನಡೆಯಬೇಕು.

ಹೊಲಿಗೆಯನ್ನು ಸಾಮಾನ್ಯವಾಗಿ 36ರಿಂದ 37 ವಾರಗಳ ನಡುವೆ ಬಿಚ್ಚುತ್ತಾರೆ. ಇಲ್ಲಿ ನಮ್ಮ ಪದ್ಧತಿಯಿಂದ ಒಂದು ತೊಡಕು ಬರುತ್ತದೆ. ಸೀಮಂತ ಮುಗಿದ ಮೇಲೆ ಬಸುರಿಯನ್ನು ತವರಿಗೆ ಕರೆದೊಯ್ಯುತ್ತಾರೆ. ಹೊಲಿಗೆ ಹಾಕಿದ ಆಸ್ಪತ್ರೆ ಗಂಡನ ಊರಿನ ಕಡೆ. ಹೆರಿಗೆಯ ಆಸ್ಪತ್ರೆ ತವರಿನ ಕಡೆ. ಅಲ್ಲಿಯವರಿಗೆ ಹೊಲಿಗೆಯ ಸುದ್ದಿ ತಿಳಿಯದಿದ್ದರೆ ಅನಾಹುತವಾದೀತು. ಆದುದರಿಂದ ತಾಯಿ ಕಾರ್ಡಿನ ಮೇಲೆ ಹೊಲಿಗೆ ಹಾಕಿದ ದಿನ, ಹೊಲಿಗೆಯ ಬಗೆ, ಬಿಚ್ಚಬೇಕಾದ ದಿನ ಇಷ್ಟನ್ನೂ ಕೆಂಪು ಶಾಯಿಯಲ್ಲಿ ಬರೆಸಿಕೊಳ್ಳಿ. ಆಕೆಯ ತಾಯಿಗೂ, ತವರೂರಿನ ಆಶಾ ಕಾರ್ಯಕರ್ತೆಗೂ ಬಾಯಿಬಿಟ್ಟು ಹೇಳಿ. ಬಾಗಿನದ ಜೊತೆಗೆ ಆಸ್ಪತ್ರೆಯ ಚೀಟಿಗಳೂ ತವರಿಗೆ ಹೋಗಬೇಕು.

ತಡಮಾಡಬಾರದ ಸೂಚನೆಗಳು

ಹೊಲಿಗೆ ಇರುವವಳಿಗೆ ಕೆಳಗಿನ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಫೋನು ಮಾಡಿ ಹೆರಿಗೆ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಿ.

1. ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯುವುದು, ಸೊಂಟನೋವು ಅಲೆ ಅಲೆಯಾಗಿ ಬರುವುದು.
2. ನೀರು ಸೋರುವುದು ಅಥವಾ ಒಮ್ಮೆಗೇ ಹೋಗುವುದು.
3. ರಕ್ತ ಹೋಗುವುದು.
4. ಚಳಿ ಜ್ವರ, ಕೆಟ್ಟ ವಾಸನೆಯ ಸ್ರಾವ.
5. ಮಗುವಿನ ಆಟ ಕಡಿಮೆಯಾಗುವುದು.

ಆಸ್ಪತ್ರೆಯ ಬಾಗಿಲಲ್ಲಿ ಹೇಳಬೇಕಾದ ಮೊದಲ ಮಾತು, “ಇವಳಿಗೆ ಹೊಲಿಗೆ ಹಾಕಿದೆ” ಎಂಬುದು.

ಎಲ್ಲಿಗೆ ಹೋಗಬೇಕು, ತೀರ್ಮಾನ ಯಾರದು?

ಮೊದಲ ಹೆಜ್ಜೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ. ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರನ್ನು ವಿಶೇಷವಾಗಿ ಪರೀಕ್ಷಿಸುವ ಏರ್ಪಾಡು 2016ರಿಂದ ಇದೆ. ಹಿಂದೆ ಬಸಿರು ಕಳೆದುಕೊಂಡವರನ್ನು ಅಲ್ಲಿಂದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಪ್ರಸೂತಿ ತಜ್ಞರ ಬಳಿಗೆ ಕಳುಹಿಸುತ್ತಾರೆ. ಇನ್ನೂ ಹೆಚ್ಚಿನ ಸಲಹೆ ಬೇಕಾದರೆ ವೈದ್ಯಕೀಯ ಕಾಲೇಜುಗಳಿಗೆ ಸೇರಿದ ದೊಡ್ಡ ಆಸ್ಪತ್ರೆಗಳಿವೆ: ಮೈಸೂರಿನಲ್ಲಿ ಚೆಲುವಾಂಬ, ಬೆಂಗಳೂರಿನಲ್ಲಿ ವಾಣಿವಿಲಾಸ, ಹುಬ್ಬಳ್ಳಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ.

ವಾಣಿವಿಲಾಸ ಆಸ್ಪತ್ರೆಯನ್ನು ಹುಡುಕುವುದು ಕಷ್ಟವಲ್ಲ. ಅವೆನ್ಯೂ ರಸ್ತೆಯಲ್ಲಿ ದಕ್ಷಿಣಕ್ಕೆ ನಡೆದರೆ ಕೃಷ್ಣರಾಜೇಂದ್ರ ಮಾರುಕಟ್ಟೆ ಸಿಗುತ್ತದೆ. ಅದನ್ನು ದಾಟಿದರೆ ಕೋಟೆಯ ಪ್ರದೇಶ. ಅಲ್ಲಿ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯ ನೆರೆಯಲ್ಲಿಯೇ, ಹೆಂಗಸರಿಗೂ ಮಕ್ಕಳಿಗೂ ಮೀಸಲಾಗಿ 1935ರಲ್ಲಿ ತೆರೆದ ವಾಣಿವಿಲಾಸ ಆಸ್ಪತ್ರೆಯಿದೆ. ಶಿರೋಡ್ಕರ್ ಅವರು ಹೊಲಿಗೆಯನ್ನು ಪ್ರಕಟಿಸಿದ 1955ರಲ್ಲಿಯೇ ಆರಂಭವಾದ ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಇದು ಸೇರಿದೆ. ಪೇಟೆಯಲ್ಲಿ ಗ್ರಂಧಿಗೆ ಅಂಗಡಿಗಳೂ ಇವೆ. ಬಸಿರು ನಿಲ್ಲಿಸುವ ಪುಡಿ, ಬೇರು ಎಂದು ಯಾರಾದರೂ ಕೊಟ್ಟರೆ ಕೊಳ್ಳಬೇಡಿ. ಕೊರಳಿನ ಸಡಿಲಿಗೆ ಪುಡಿಯಿಂದ ಗುಣವಿಲ್ಲ; ಬಸುರಿಯ ಹೊಟ್ಟೆಗೆ ಹೋದ ಗೊತ್ತಿಲ್ಲದ ಬೇರು ಕೇಡು ಮಾಡಬಲ್ಲದು. ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ, ಪರೀಕ್ಷೆ, ಹೆರಿಗೆ ಎಲ್ಲವೂ ಉಚಿತವಾಗಿ ದೊರೆಯತಕ್ಕದ್ದೆಂದು 2011ರಿಂದ ಕೇಂದ್ರ ಸರ್ಕಾರದ ಯೋಜನೆಯಿದೆ.

ವೈದ್ಯರ ಮುಂದೆ ಕುಳಿತಾಗ ಈ ಐದು ಪ್ರಶ್ನೆಗಳನ್ನು ಕೇಳಿ. ಹಿಂದಿನ ಬಸಿರು ಹೋದದ್ದು ಕೊರಳಿನ ದೋಷದಿಂದಲೇ ಎಂದು ನಿಮಗೆ ಏಕೆ ಅನ್ನಿಸುತ್ತದೆ? ಈಗಲೇ ಹೊಲಿಗೆ ಹಾಕಬೇಕೇ, ಅಳತೆ ನೋಡುತ್ತಾ ಕಾಯಬಹುದೇ? ಔಷಧದಿಂದ ಆಗುವುದೇ? ಇವಳ ವಿಷಯದಲ್ಲಿ ಅಪಾಯವೇನು? ಯಾವಾಗ, ಎಲ್ಲಿ ಬಿಚ್ಚಿಸಬೇಕು?

ಉತ್ತರ ಕೇಳಿದ ಮೇಲೆ ಒಪ್ಪುವುದೋ ಬಿಡುವುದೋ ಎಂಬ ತೀರ್ಮಾನ ಆ ಹೆಣ್ಣುಮಗಳದು. ದೇಹ ಅವಳದು, ನೋವು ಉಂಡವಳೂ ಅವಳೇ. ಗಂಡನಾದವನು ಜೊತೆಯಲ್ಲಿ ಹೋಗಿ, ಕೇಳಿ, ತಿಳಿದು ಅವಳ ಬೆನ್ನಿಗೆ ನಿಲ್ಲಬೇಕು. ಅತ್ತೆ ಮಾವಂದಿರು ಬೇಕೆಂದೋ ಬೇಡವೆಂದೋ ಒತ್ತಾಯಿಸಬಾರದು. ಬಸಿರು ಕಳೆದುಕೊಂಡ ಮನೆಯಲ್ಲಿ ಮುಂದಿನ ಬಸಿರಿನ ಒಂದೊಂದು ದಿನವೂ ಭಯದಿಂದಲೇ ಕಳೆಯುತ್ತದೆ. ಆ ಭಯವನ್ನು ಆಕೆ ಒಬ್ಬಳೇ ಹೊರದಂತೆ ನೋಡಿಕೊಳ್ಳುವುದು ಮನೆಯವರೆಲ್ಲರ ಕೆಲಸ.

ಈ ಪತ್ರಿಕೆಯನ್ನು ಓದಿದವರು, ಊರಿನಲ್ಲಿ ಇಂತಹ ತೊಂದರೆಯಿರುವ ಮನೆಯಿದ್ದರೆ ಅವರಿಗೆ ಓದಿ ಹೇಳಿರಿ. ಅವರ ಮನೆಯಲ್ಲಿ ಮತ್ತೆ ಬಸಿರಿನ ಸುದ್ದಿ ಬಂದರೆ, ನಾಲ್ಕನೆಯ ತಿಂಗಳು ಹುಟ್ಟುವ ಮೊದಲೇ ಲೆಕ್ಕದ ಹಾಳೆಯನ್ನು ಕೈಯಲ್ಲಿ ಹಿಡಿದು ಆರೋಗ್ಯ ಕೇಂದ್ರಕ್ಕೆ ಹೊರಡಲಿ.